ನೈರೋಬಿಯಲ್ಲಿ ಕಂಡ ಚಾತಕ

ಚಾತಕವೆಂಬ ಪಕ್ಷಿಯನ್ನು ನಾನು ಮೂವತ್ತೆರಡು ವರ್ಷ ತರಗತಿಯಲ್ಲಿ ಕಲಿಸಿದ್ದೇನೆ. ಒಂದು ದಿನವೂ ನೋಡಿರಲಿಲ್ಲ. ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದ ಹಕ್ಕಿ ಎಂದು ಅರ್ಥ ಹೇಳಿ, ಇದೊಂದು ಕವಿಸಮಯವೆಂದು ಸೇರಿಸಿ, ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. ಅಂಥ ಹಕ್ಕಿ ನಿಜವಾಗಿಯೂ ಇದೆಯೇ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲವೆಂದೇ ಹೇಳಿಬಿಡುತ್ತಿದ್ದೆನೇನೋ! ಕಡೆಗೆ ಅದನ್ನು ನನಗೆ ತೋರಿಸಿಕೊಟ್ಟವನು ಕಾಳಿದಾಸನ ಹೆಸರನ್ನೇ ಕೇಳದ ಒಬ್ಬ ಆಫ್ರಿಕದ ತರುಣ.

ಮಗಳು ಅಳಿಯ ನೈರೋಬಿಯಲ್ಲಿದ್ದಾರೆ. 2019ರ ಡಿಸೆಂಬರಿನಲ್ಲಿ ಅವರಲ್ಲಿಗೆ ಹೋಗಿದ್ದಾಗ ಊರಂಚಿನ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದರು. ಉದ್ಯಾನವೆಂದೊಡನೆ ವಾಚಕರು ಹೂವಿನ ಪಾತಿಗಳನ್ನು ಕಲ್ಪಿಸಿಕೊಳ್ಳಬಾರದು. ಅದು 117 ಚದರ ಕಿಲೋಮೀಟರಿನ ಹುಲ್ಲುಗಾವಲು. ನಡುನಡುವೆ ಮುಳ್ಳುಮರ, ಹಳ್ಳ, ಕುರುಚಲು ಕಾಡು. 1946ರಲ್ಲಿ ಸ್ಥಾಪಿತವಾದ ಇದು ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ಜಿರಾಫೆಯ ಕೊರಳಿನ ಹಿಂದೆ ನೈರೋಬಿಯ ಮುಗಿಲು ಮುಟ್ಟುವ ಕಟ್ಟಡಗಳು ಕಾಣುತ್ತವೆ. ಉದ್ಯಾನದ ಮೇಲೆಯೇ ಹಾದುಹೋಗುವ ರೈಲು ಸೇತುವೆಯ ಕಂಬಗಳ ನಡುವೆ ಜೀಬ್ರಾಗಳು ಮೇಯುತ್ತವೆ. ನಾನೂರಕ್ಕೂ ಮಿಕ್ಕ ಜಾತಿಯ ಪಕ್ಷಿಗಳು ಅಲ್ಲಿ ದಾಖಲಾಗಿವೆ.

ಅಳಿಯನಿಗೆ ಸಿಂಹ ಬೇಕಾಗಿತ್ತು. ಸಿಂಹ ಬರಲಿಲ್ಲ. ಬೇಸರ ಕಳೆಯಲೆಂದು ನಮ್ಮ ಮಾರ್ಗದರ್ಶಿ ಹಕ್ಕಿಗಳನ್ನು ತೋರಿಸತೊಡಗಿದ: ಕಿವಿಯ ಹಿಂದೆ ಲೇಖನಿ ಸಿಕ್ಕಿಸಿಕೊಂಡ ಗುಮಾಸ್ತನಂತೆ ಗರಿಗಳನ್ನು ಹೊತ್ತು ಹಾವನ್ನರಸಿ ನಡೆಯುವ ಕಾರ್ಯದರ್ಶಿ ಹಕ್ಕಿ, ಚಿನ್ನದ ಕಿರೀಟದ ಕ್ರೌಂಚ, ನಮ್ಮ ಎರೆಭೂತದ ಬಳಗಕ್ಕೆ ಸೇರಿದ ಕೋರಿ ಬಸ್ಟರ್ಡ್. ಆಮೇಲೆ ಒಂದು ಜಾಲಿಯ ಬಳಿ ಗಾಡಿ ನಿಲ್ಲಿಸಿ ಬೆರಳು ತೋರಿದ. ಮೇಲೆ ಕಪ್ಪು, ಕೆಳಗೆ ಬಿಳುಪು, ತಲೆಯ ಮೇಲೆ ಚೂಪಾದ ಜುಟ್ಟು, ಉದ್ದನೆಯ ಬಾಲದ ತುದಿಯಲ್ಲಿ ಬಿಳಿಯ ಚುಕ್ಕೆಗಳು. ಕೋಗಿಲೆಯ ಕುಲದ್ದು ಎಂದ. "ಇವುಗಳಲ್ಲಿ ಕೆಲವು ನಿಮ್ಮ ದೇಶದಿಂದಲೇ ಬರುತ್ತವೆ. ಅಲ್ಲಿ ಇದಕ್ಕೆ ಏನೆನ್ನುತ್ತಾರೆ?"

ನಾನು ಪೆಚ್ಚಾದೆ. ಮಗಳು ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಇದು ಚಾತಕ ಅಂತ" ಎಂದಳು. ಅವಳಿಗೂ ಆ ಪದ್ಯವನ್ನು ಕಲಿಸಿದವನು ನಾನೇ.

ಜನವರಿಯಲ್ಲಿ ರನ್ನ ಬೆಳಗಲಿಗೆ ಮರಳಿದೆ. ಅಳಿಯ ಕೈಗೊಂದು ದುರ್ಬೀನು ಕೊಟ್ಟು ಕಳಿಸಿದ್ದ. ಮಾರ್ಚಿ ಮುಗಿಯುವಷ್ಟರಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಹೋಗಲು ಬೇರೆ ಎಡೆಯಿಲ್ಲದೆ ಬೆಳಿಗ್ಗೆ ಸಂಜೆ ನಮ್ಮ ಹೊಲದ ಬದುವಿನ ಮೇಲೆ ನಡೆದಾಡತೊಡಗಿದೆ. ಕವಿ ರನ್ನನ ಹೆಸರನ್ನು ಹೊತ್ತ ಈ ಊರಿನಲ್ಲಿ ಹುಟ್ಟಿ, 'ಗದಾಯುದ್ಧ'ದ ವೈಶಂಪಾಯನ ಸರೋವರವನ್ನು ಮಕ್ಕಳ ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲೆನೆಂದು ಬೀಗಿದ್ದವನು ನಾನು. ನಮ್ಮ ಕೆರೆಯಲ್ಲಿ ಮುಳುಗಿ ಏಳುವ ಹಕ್ಕಿಯ ಹೆಸರು ನನಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಮೊದಲ ಮಳೆ ಬಿದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಬದುವಿನ ಜಾಲಿಯ ಸಾಲಿನಿಂದ ಕಂಚಿನ ಬಟ್ಟಲನ್ನು ಬಡಿದಂಥ ದನಿ ಕೇಳಿಸಿತು: ಪಿಯೂ, ಪಿಯೂ, ಪೀ-ಪೀ-ಪಿಯೂ. ದುರ್ಬೀನು ಎತ್ತಿದೆ. ಅದೇ ಜುಟ್ಟು! ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕ ನಿಂತು, "ಏನ್ ನೋಡಾಕ ಹತ್ತೀರಿ ಮಾಸ್ತರ?" ಎಂದ. ತೋರಿಸಿದೆ. "ಇದನ್ನ? ವರ್ಷಾ ಮಳಿಗಾಲಕ್ಕ ಬರತೈತಲ್ರೀ. ಇದು ಒದರಿದ್ರ ಬಿತ್ತಾಕ ಅಣಿ ಆಗಬೇಕು ಅಂತ ನಮ್ಮಪ್ಪ ಹೇಳ್ತಿದ್ದ" ಎಂದು ಕುರಿಗಳ ಹಿಂದೆ ಹೊರಟುಹೋದ.

ಆಫ್ರಿಕದಲ್ಲಿ ಚಳಿಗಾಲ ಕಳೆಯುವ ಚಾತಕಗಳು ನೈಋತ್ಯ ಮಾರುತದ ಜೊತೆಜೊತೆಗೆ ಅರಬ್ಬೀ ಸಮುದ್ರವನ್ನು ದಾಟಿ ಉತ್ತರ ಭಾರತಕ್ಕೆ ಬರುತ್ತವೆ. ದಕ್ಷಿಣದಲ್ಲಿ ಇನ್ನೊಂದು ಬಳಗವಿದೆ. ಅದು ಕಡಲು ದಾಟದೆ ಇಲ್ಲಿಯೇ ಇರುತ್ತದೆ. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ. ನನ್ನ ಬದುವಿನ ಹಕ್ಕಿ ನೈರೋಬಿಯಿಂದ ಬಂದ ಅತಿಥಿಯೋ, ಅಥವಾ ಅರವತ್ತು ವರ್ಷಗಳಿಂದ ನಾನು ತಲೆಯೆತ್ತಿ ನೋಡದ ನೆರೆಯವನೋ, ನನ್ನ ದುರ್ಬೀನು ಹೇಳಲಾರದು. ಎರಡನೆಯದಾದರೆ ನಾಚಿಕೆ ಇನ್ನೂ ಹೆಚ್ಚು. ಮಳೆಹನಿಯ ವ್ರತದ ಮಾತಂತೂ ಸುಳ್ಳೇ. ಅದು ಕಂಬಳಿಹುಳುಗಳನ್ನು ಹಿಡಿದು ಹಿಡಿದು ತಿನ್ನುವುದನ್ನು ಕಣ್ಣಾರೆ ಕಂಡೆ. ಗೂಡು ಕಟ್ಟುವ ಶ್ರಮವನ್ನೂ ಅದು ಪಡುವುದಿಲ್ಲ. ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಅವುಗಳ ಮೊಟ್ಟೆಯಂಥದೇ ನೀಲಿ ಮೊಟ್ಟೆಯನ್ನಿಟ್ಟು ಹಾರಿಹೋಗುತ್ತದೆ. ಕವಿಗಳು ಇದನ್ನು ಕಂಡಿದ್ದರೆ ಅಷ್ಟು ಕರುಣೆ ತೋರುತ್ತಿದ್ದರೋ ಇಲ್ಲವೋ!

ಹರಟೆಮಲ್ಲನಿಗೆ ಗೂಡು ಕಟ್ಟಲು ಮುಳ್ಳುಪೊದೆ ಬೇಕು. ನಮ್ಮ ಸೀಮೆಯಲ್ಲಿ ಈಗ ಇಲ್ಲದಿರುವುದು ಅದೇ. ನದಿಯ ಮೇಲ್ದಿಕ್ಕಿನಲ್ಲಿ, ಗೋಕಾಕ ತಾಲೂಕಿನ ಧೂಪದಾಳದ ಒಡ್ಡಿನ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮವಾಗಿದೆ. ಅದೇ ನದಿಯ ನೀರು ಕಾಲುವೆಗಳಲ್ಲಿ ಮುಧೋಳ ಜಮಖಂಡಿಗಳ ಎರೆಗೆ ಹರಿದು, ಜೋಳದ ನೆಲವನ್ನು ಕಬ್ಬಿನ ನೆಲವಾಗಿಸಿದೆ. ನಮ್ಮ ಮನೆಯೂ ಕಬ್ಬಿನಿಂದಲೇ ನಡೆದಿದೆ. ದೂರುವ ಬಾಯಿ ನನಗಿಲ್ಲ. ಆದರೆ ಕಬ್ಬು ಬದುವನ್ನು ಸಹಿಸುವುದಿಲ್ಲ, ಜಾಲಿಯನ್ನಂತೂ ಇಲ್ಲವೇ ಇಲ್ಲ. ಹೆಸರಿನಲ್ಲಿಯೇ ಎರೆಯನ್ನು ಹೊತ್ತ ಎರೆಭೂತ ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ನಮ್ಮಲ್ಲಿ ಬೀಳಗಿ ಮುಧೋಳಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ಜಿಂಕೆಗಾಗಿ ವನ್ಯಜೀವಿಧಾಮವಾದದ್ದರಿಂದ ಅಷ್ಟು ಮುಳ್ಳು ಉಳಿಯಿತು. ಅದರಾಚೆಗೆ ಉಳಿದಿರುವುದು ಅವರವರ ಬದುಗಳ ಮೇಲಿನದು.

ಎರಡು ವರ್ಷದ ಹಿಂದೆ ತಮ್ಮನ ಮಗ ಬಂದು, "ದೊಡ್ಡಪ್ಪಾ, ಆ ಜಾಲಿ ತಗಸಿದ್ರ ಇನ್ನೆರಡು ಸಾಲು ಕಬ್ಬು ಕೂಡತಾವು" ಎಂದ. ಹೊಲವನ್ನು ಉಳುವವನು ಅವನು, ನಾನು ಪಿಂಚಣಿಯವನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆಗ ನೈರೋಬಿಯ ಮಾರ್ಗದರ್ಶಿ ಹೇಳಿದ್ದೊಂದು ನೆನಪಾಯಿತು. ಆ ಉದ್ಯಾನಕ್ಕೆ ಮೂರು ಕಡೆ ಬೇಲಿಯಿದೆ. ತೆಂಕಣ ದಿಕ್ಕು ತೆರೆದಿದೆ. ಅತ್ತಣ ಬಯಲಿನ ಒಡೆಯರು ಮಾಸಾಯಿ ದನಗಾಹಿಗಳು. ಅವರು ಬೇಲಿ ಹಾಕಿದರೆ ಪ್ರಾಣಿಗಳ ಹಾದಿ ಮುಚ್ಚಿತು. ಅದಕ್ಕಾಗಿ 2000ದಿಂದ ಬೇಲಿ ಹಾಕದೆ, ಮಾರದೆ ಇರುವವರಿಗೆ ಎಕರೆಗಿಷ್ಟೆಂದು ವರ್ಷವರ್ಷ ಬಾಡಿಗೆ ಕೊಡುವ ಏರ್ಪಾಟೊಂದು ಅಲ್ಲಿ ಪ್ರಾರಂಭವಾಗಿತ್ತು.

"ಆ ಎರಡು ಸಾಲಿನ ಕಬ್ಬಿನ ಬೆಲೆಯನ್ನು ನಾನು ಕೊಡುತ್ತೇನೆ, ಜಾಲಿ ಇರಲಿ" ಎಂದೆ. ಹುಡುಗ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗುವುದನ್ನು ಬಿಟ್ಟ. "ಮನ್ಯಾಗಿಂದ ಮನ್ಯಾಗ ಏನ್ ಬಾಡಿಗಿ, ದೊಡ್ಡಪ್ಪಾ?" ಎಂದು ಹಣ ಮುಟ್ಟಲಿಲ್ಲ. ಜಾಲಿಯನ್ನೂ ಇದುವರೆಗೆ ಮುಟ್ಟಿಲ್ಲ. ಆದರೆ ಪ್ರತಿ ಸಲ ಕಬ್ಬು ಕಡಿಯುವಾಗಲೂ ಅವನ ಕಣ್ಣು ಆ ಸಾಲಿನ ಕಡೆ ಹೊರಳುವುದನ್ನು ನಾನು ಕಂಡಿದ್ದೇನೆ.

ಹೋದ ಶ್ರಾವಣದಲ್ಲಿ ಅವನೇ ನನ್ನನ್ನು ಕೂಗಿ ಕರೆದ. ಜಾಲಿಯ ಕೆಳಗೆ ಐದಾರು ಹರಟೆಮಲ್ಲಗಳು ಗದ್ದಲವೆಬ್ಬಿಸಿದ್ದವು. ನಡುವೆ ಅವುಗಳನ್ನು ಮೀರಿಸುವಂತೆ ಬೆಳೆದ, ಆಗತಾನೆ ಜುಟ್ಟು ಮೂಡುತ್ತಿದ್ದ ಮರಿಯೊಂದು ಬಾಯಿ ಅಗಲಿಸಿಕೊಂಡು ಕುಳಿತಿತ್ತು; ಅವು ಸರದಿಯ ಮೇಲೆ ಹುಳು ತಂದು ತುರುಕುತ್ತಿದ್ದವು. ಹುಡುಗ ದುರ್ಬೀನನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಮರಳಿ ಕೊಡಲಿಲ್ಲ.