ದಂಡಿನ ಬಿಲ್ಲೆಗಳು

ಹವ್ಯಾಸಗಳು ಮನುಷ್ಯರಷ್ಟೇ ಬಗೆಬಗೆ. ಅಂಚೆಚೀಟಿ ಕೂಡಿಸುವವರುಂಟು, ಹಳೆಯ ನಾಣ್ಯ ಕೂಡಿಸುವವರುಂಟು, ಬೆಂಕಿಪೊಟ್ಟಣದ ಚಿತ್ರಗಳನ್ನು ಪುಸ್ತಕದಲ್ಲಿ ಅಂಟಿಸಿಡುವ ಮಿತ್ರರೊಬ್ಬರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಇವರ ನಡುವೆ, ನಾನು ಸೈನಿಕರ ಬಿಲ್ಲೆಗಳನ್ನು ಕೂಡಿಸುತ್ತೇನೆಂದರೆ ಕೇಳಿದವರು ಒಮ್ಮೆ ನಕ್ಕು, "ಅದರಿಂದ ಏನು ಬಂತಯ್ಯ?" ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಆ ಪ್ರಶ್ನೆಗೆ ತಿಳಿದಮಟ್ಟಿಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಬಿಲ್ಲೆ ನಮಗೆ ಹೊಸ ಮಾತಲ್ಲ. ದೊಡ್ಡ ಕಚೇರಿಯ ದಫೇದಾರನ ಎದೆಪಟ್ಟಿಯ ಮೇಲೆ ಹೊಳೆಯುವುದು ಬಿಲ್ಲೆ. ಬಸ್ಸಿನ ಕಂಡಕ್ಟರನ ಅಂಗಿಯ ಮೇಲೆ ನಂಬರು ಹೊತ್ತಿರುವುದೂ ಬಿಲ್ಲೆಯೇ. ಇಂಥವನು ಇಂಥ ಕೆಲಸದವನೆಂದು ದೂರದಿಂದಲೇ ಸಾರುವುದು ಅದರ ಧರ್ಮ. ದಂಡಿನಲ್ಲಿ ಇದರ ಬಗೆಗಳು ಹೆಚ್ಚು. ಟೋಪಿಯ ಮುಂದೆ ಸಿಕ್ಕಿಸುವ ದೊಡ್ಡ ಬಿಲ್ಲೆ, ಕಾಲರಿನ ಎರಡು ತುದಿಗೂ ಹಾಕುವ ಚಿಕ್ಕ ಬಿಲ್ಲೆಗಳು, ಹೆಗಲ ಮೇಲೆ ಪಲ್ಟನ್ನಿನ ಹೆಸರನ್ನು ಹೇಳುವ ಹಿತ್ತಾಳೆಯ ಅಕ್ಷರಗಳು, ಲಾಂಛನವಿರುವ ಗುಂಡಿಗಳು, ತೋಳಿಗೆ ಹೊಲಿಯುವ ಬಟ್ಟೆಯ ಗುರುತುಗಳು - ಇಷ್ಟನ್ನೂ ಸಂಗ್ರಾಹಕರು ಒಂದೇ ಗುಂಪಿಗೆ ಸೇರಿಸುತ್ತಾರೆ. ನಮ್ಮ ಎನ್.ಸಿ.ಸಿ. ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನಗೆ ಈ ಗೀಳು ಹತ್ತಿದ್ದು ನಮ್ಮ ಅಜ್ಜಿಯ ಎಲೆಅಡಿಕೆ ಸಂಚಿಯಿಂದ. ನಮ್ಮ ಊರು ಅಜ್ಜಂಪುರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇತಿಹಾಸದ ತರಗತಿಯಲ್ಲಿ ಗಂಡಭೇರುಂಡದ ವಿಷಯ ಕೇಳಿ ಮನೆಗೆ ಹೋದ ವಾರವೇ ಅಜ್ಜಿಯ ಸಂಚಿಯ ಬಾಯಿಗೆ ಹೊಲಿದಿದ್ದ ಹಿತ್ತಾಳೆ ಗುಂಡಿಯೊಂದು ಕಣ್ಣಿಗೆ ಬಿತ್ತು. ಸವೆದುಹೋಗಿದ್ದರೂ ಎರಡು ತಲೆಯ ಹಕ್ಕಿ ಅದರಲ್ಲಿ ಸ್ಪಷ್ಟವಾಗಿತ್ತು. ವಿಚಾರಿಸಿದಾಗ ಅಜ್ಜಿ ಎಂದಳು: "ಅದು ನಮ್ಮ ಮಾವನೋರದು ಕಣೋ ಮಗ. ಮೈಸೂರು ದಂಡಿನಲ್ಲಿದ್ರು. ಇದೇ ಹಕ್ಕಿದು ಅಂಗೈಯಗಲ ಒಂದು ಬಿಲ್ಲೆ ಇತ್ತು. ಸ್ಟೀಲು ಪಾತ್ರೆಯವನು ಬಂದಾಗ ಒಡಕು ಚೊಂಬಿನ ಜೊತೆ ತೂಕಕ್ಕೆ ಹಾಕಿಬಿಟ್ಟೆ." ಒಂದು ಬೋಗುಣಿಗೆ ಬದಲಾಗಿ ಹೋದ ಆ ಬಿಲ್ಲೆ ಮತ್ತೆ ಸಿಕ್ಕುವುದಲ್ಲ. ಬೋಗುಣಿ ಮಾತ್ರ ಇನ್ನೂ ನಮ್ಮ ಅಡಿಗೆಮನೆಯಲ್ಲಿದೆ.

ಗಂಡಭೇರುಂಡ ನಮ್ಮ ನಾಡಿನ ಬಲು ಹಳೆಯ ಗುರುತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದರ ಮೂರ್ತಿಯಿದೆ. ಮುಂದೆ ಅದು ಮೈಸೂರು ಅರಸರ ಲಾಂಛನವಾಯಿತು. ಈಗ ರಾಜ್ಯದ ಲಾಂಛನದಲ್ಲಿಯೂ ಸಾರಿಗೆ ಸಂಸ್ಥೆಯ ಬಸ್ಸುಗಳ ಮೇಲೂ ಅದನ್ನು ದಿನವೂ ಕಾಣುತ್ತೇವೆ. ಮೈಸೂರು ಸಂಸ್ಥಾನದ ಸೈನಿಕರು ಅದನ್ನೇ ಧರಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಯ ದಳ ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ಹೋಯಿತು. 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಜೋಧಪುರದ ದಳವೂ ಮೈಸೂರಿನ ದಳವೂ ಸೇರಿ ಹಿಡಿದುವು. ಎದುರಿಗೆ ಯಂತ್ರಬಂದೂಕು, ಕೈಯಲ್ಲಿ ಭರ್ಜಿ. ಆ ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಪದಾತಿ ಪಲ್ಟನ್ನೊಂದು ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಆ ಪಟ್ಟಣ ಜಪಾನೀಯರ ವಶವಾದಾಗ ಅವರೂ ಸೆರೆಯಾದರು. ನನ್ನ ಮುತ್ತಜ್ಜ ಆ ಸೆರೆಯಾಳುಗಳಲ್ಲಿ ಒಬ್ಬರೆಂದು ಮನೆಯವರ ಮಾತು. ಸ್ವಾತಂತ್ರ್ಯಾನಂತರ ಸಂಸ್ಥಾನದ ಸೇನೆ ಭಾರತದ ಸೇನೆಯಲ್ಲಿ ಲೀನವಾಯಿತು. ಪದಾತಿ ಪಡೆ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ನಾಯಿತು. ಲ್ಯಾನ್ಸರ್ಸ್ ದಳದವರು 1953ರಲ್ಲಿ ಕಟ್ಟಿದ 61ನೆಯ ಕ್ಯಾವಲ್ರಿಗೆ ಸೇರಿದರು. ಪದಾತಿಗಳ ಟೋಪಿಯ ಮೇಲೆ ಗಂಡಭೇರುಂಡದ ಜಾಗಕ್ಕೆ ಮದ್ರಾಸ್ ರೆಜಿಮೆಂಟಿನ ಆನೆ ಬಂತು. ಆದುದರಿಂದ ಮೈಸೂರು ದಂಡಿನ ಹಳೆಯ ಬಿಲ್ಲೆಗಳು ಈಗ ಎಷ್ಟಿವೆಯೋ ಅಷ್ಟೇ. ಕರಗಿದ ಒಂದೊಂದೂ ಲೆಕ್ಕದಿಂದ ಕಳೆದಂತೆಯೇ.

ಇನ್ನು ಬಿಲ್ಲೆಯನ್ನು ಓದುವ ಬಗೆಯನ್ನು ಹೇಳುತ್ತೇನೆ. ಮೊದಲು ನೋಡತಕ್ಕದ್ದು ಮೇಲಿನ ಕಿರೀಟ. ಬ್ರಿಟಿಷ್ ಬಿಲ್ಲೆಯ ಕಿರೀಟದ ಕಮಾನು ಗುಮ್ಮಟದಂತೆ ದುಂಡಗೆ ಎದ್ದಿದ್ದರೆ ಅದು ಸಾಮಾನ್ಯವಾಗಿ 1901ರಿಂದ 1952ರೊಳಗಿನದು. ಕಮಾನಿನ ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿಯ ಕಾಲದ್ದು. ನಮ್ಮ ದೇಶದ ಸೇನೆಯಲ್ಲಿ ಈ ಎರಡನೆಯ ಕಿರೀಟ ಬರಲೇ ಇಲ್ಲ. 1950ರಲ್ಲಿ ನಾವು ಗಣರಾಜ್ಯವಾದೆವು. ಕಿರೀಟ ಇಳಿದು ಅಶೋಕನ ಸಿಂಹಗಳು ಏರಿದುವು. ಒಂದು ದೇಶ ಸ್ವತಂತ್ರವಾದ ಕಥೆಯನ್ನು ಎರಡು ಬಿಲ್ಲೆಗಳನ್ನು ಪಕ್ಕದಲ್ಲಿಟ್ಟು ತೋರಿಸಬಹುದು.

ಎರಡನೆಯದು ಲೋಹ. ಸಿಪಾಯಿಯ ಬಿಲ್ಲೆ ಹಿತ್ತಾಳೆಯದು, ಇಲ್ಲವೆ ನಮ್ಮ ಮನೆಗಳ ಜರ್ಮನ್ ಸಿಲ್ವರ್ ಲೋಟದಂಥ ಬಿಳಿಲೋಹದ್ದು. ಎರಡನ್ನೂ ಬೆಸೆದದ್ದೂ ಉಂಟು. ಅಧಿಕಾರಿಗಳದು ಕಂಚು ಅಥವಾ ಬೆಳ್ಳಿಯದಿರಬಹುದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬೆನ್ನು. ಹೊಸಬರು ಮುಖ ನೋಡುತ್ತಾರೆ. ಬಲ್ಲವರು ತಿರುಗಿಸಿ ನೋಡುತ್ತಾರೆ. ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿದ ಬಿಲ್ಲೆಯಲ್ಲಿ ಮುಂದಿನ ಉಬ್ಬೆಲ್ಲ ಹಿಂದೆ ತಗ್ಗಾಗಿರುತ್ತದೆ. ಈಚೆಗೆ ಎರಕ ಹೊಯ್ದ ನಕಲಿಯಲ್ಲಿ ಹಿಂಬದಿ ಸಾಮಾನ್ಯವಾಗಿ ಮಟ್ಟಸವಾಗಿದ್ದು ಮೈಯೆಲ್ಲ ಮರಳು ಮರಳಾಗಿರುತ್ತದೆ; ಗರಿ, ಉಗುರು, ಅಕ್ಷರಗಳ ಅಂಚು ಮೊಂಡಾಗಿರುತ್ತವೆ. ಹಳೆಯ ಬಿಲ್ಲೆಯ ಬೆನ್ನಿಗೆ ಎರಡು ಕುಣಿಕೆಗಳೋ ಒಂದು ಉದ್ದನೆಯ ಪಟ್ಟಿಯೋ ಬೆಸುಗೆಯಾಗಿರುತ್ತದೆ. ಬಹುಕಾಲ ಟೋಪಿಯ ಮೇಲಿದ್ದುದರ ಕುಣಿಕೆ ಸವೆದಿರುತ್ತದೆ. ಮುಖ ಸವೆದು ಕುಣಿಕೆ ಹೊಸದಾಗಿದ್ದರೆ ಸಂಶಯಪಡಬೇಕು. ಇದನ್ನು ನನಗೆ ಕಲಿಸಿದವರು ತರೀಕೆರೆಯ ಒಬ್ಬ ಅಕ್ಕಸಾಲಿಗರು. ಅವರು ಸೈನ್ಯವನ್ನು ಕಂಡವರಲ್ಲ, ಲೋಹವನ್ನು ಬಲ್ಲವರು.

ಓದುವುದರಲ್ಲಿ ನಾನು ಎಡವಿದ ಒಂದು ಪ್ರಸಂಗವನ್ನೂ ಹೇಳಬೇಕು. ಕಡೂರಿನ ಹಿರಿಯರೊಬ್ಬರ ತಂದೆ ಎರಡನೆಯ ಮಹಾಯುದ್ಧದಲ್ಲಿ ಈಜಿಪ್ಟಿನಲ್ಲಿ ಲಾರಿ ಓಡಿಸಿದವರು. ಅವರ ಟ್ರಂಕಿನಲ್ಲಿದ್ದ ಜಿಂಕೆಯ ತಲೆಯ ಬಿಲ್ಲೆಯೊಂದನ್ನು ನನಗೆ ಕೊಟ್ಟರು. ಇದು ನಮ್ಮ ಬಾಸೂರು ಕಾವಲಿನ ಕೃಷ್ಣಮೃಗವೇ ಸರಿ ಎಂದು ನಾನು ನಿಶ್ಚಯಿಸಿಬಿಟ್ಟೆ! ನಮ್ಮ ಅಧ್ಯಾಪಕರು ಭೂತಗನ್ನಡಿ ಹಿಡಿದು ನೋಡಿ, "ಕೃಷ್ಣಮೃಗದ ಕೊಂಬು ತಿರುಪಿನಂತೆ ಸುತ್ತಿರುತ್ತದಲ್ಲವೆ? ಇದರದು ವೀಣೆಯ ಹಾಗೆ ಬಾಗಿ ತುದಿ ಒಳಕ್ಕೆ ತಿರುಗಿದೆ" ಎಂದರು. ಅದು ದಕ್ಷಿಣ ಆಫ್ರಿಕದ ಸ್ಪ್ರಿಂಗ್‌ಬಾಕ್. ಆ ದೇಶದ ಸೈನಿಕರ ಗುರುತು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಭಾರತದ ದಳಗಳೂ ದಕ್ಷಿಣ ಆಫ್ರಿಕದ ದಳಗಳೂ ಒಂದೇ ಸೇನೆಯಲ್ಲಿ ಕಾದಿದುವು. 1942ರ ಜೂನ್‌ನಲ್ಲಿ ಟೊಬ್ರುಕ್ ಬಿದ್ದಾಗ ಅವರ ಒಂದು ಡಿವಿಷನ್ನೂ ನಮ್ಮ ಒಂದು ಬ್ರಿಗೇಡೂ ಒಟ್ಟಿಗೆ ಸೆರೆಸಿಕ್ಕಿದುವು. ಅಂಥ ಕಡೆ ಸೈನಿಕರು ಬಿಲ್ಲೆಗಳನ್ನು ಅದಲುಬದಲು ಮಾಡಿಕೊಳ್ಳುವುದು ಸಹಜ. ಕಡೂರಿನ ಟ್ರಂಕಿಗೆ ಆಫ್ರಿಕದ ಜಿಂಕೆ ಬಂದದ್ದು ಹೀಗಿರಬೇಕು.

ಈ ಚಿಕ್ಕ ಬಿಲ್ಲೆ ನನಗೆ ದೊಡ್ಡ ಪಾಠವನ್ನೇ ಹೇಳಿತು. ಜಿಂಕೆಯ ಸುತ್ತ, ಒಗ್ಗಟ್ಟೇ ಬಲವೆಂಬ ಅರ್ಥದ ಮಾತು ಎರಡು ಭಾಷೆಗಳಲ್ಲಿದೆ: ಇಂಗ್ಲಿಷ್ ಮತ್ತು ಡಚ್. 1899ರಿಂದ 1902ರವರೆಗೆ ಬ್ರಿಟಿಷರೂ ಡಚ್ ಮೂಲದ ಬೋಯರರೂ ಘೋರ ಯುದ್ಧ ಮಾಡಿದರು. ಬೋಯರರು ರೈತಾಪಿ ಜನ. ಅವರಲ್ಲಿ ಬಹುಮಂದಿಗೆ ಸಮವಸ್ತ್ರವೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಸೆರೆಸಿಕ್ಕವರಲ್ಲಿ ಕೆಲವರನ್ನು ಹಡಗಿನಲ್ಲಿ ತಂದು ನಮ್ಮ ಬಳ್ಳಾರಿಯಲ್ಲಿಯೂ ಇಟ್ಟಿದ್ದರು. 1910ರಲ್ಲಿ ಇಬ್ಬರೂ ಒಂದು ರಾಜ್ಯವಾದರು. ಬಿಲ್ಲೆಯ ಮೇಲೆ ಎರಡು ಭಾಷೆಗಳು ಜೊತೆಯಾದುವು. ಆದರೆ ಆ ನೆಲದ ಬಹುಸಂಖ್ಯಾತರಾದ ಕಪ್ಪು ಜನರ ಒಂದು ಭಾಷೆಯೂ ಅಲ್ಲಿಲ್ಲ! 1917ರಲ್ಲಿ ಮೆಂಡಿ ಎಂಬ ಹಡಗು ಮುಳುಗಿ, ಯುದ್ಧದ ಕೂಲಿಗೆಂದು ಹೊರಟಿದ್ದ ಆ ಜನರಲ್ಲಿ ಆರುನೂರಕ್ಕೂ ಮಿಕ್ಕಿ ಸತ್ತರು. ಕೂಲಿ ದಳದ ಆ ಕಪ್ಪು ಜನರಿಗೆ ಅವರ ಸರ್ಕಾರ ಯುದ್ಧಪದಕವನ್ನೂ ಕೊಡಲಿಲ್ಲ. ಆದುದರಿಂದ ಬಿಲ್ಲೆಯಲ್ಲಿ ಏನಿದೆಯೆಂಬುದರ ಜೊತೆಗೆ ಏನಿಲ್ಲವೆಂಬುದನ್ನೂ ಓದಬೇಕೆಂದು ನಾನು ಕಲಿತೆ.

ಇಲ್ಲಿ ಮಿತ್ರರೊಬ್ಬರು ಎತ್ತಿದ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿದೆ. ಬೋಯರ್ ಯುದ್ಧದಲ್ಲಿ ಗಾಂಧೀಜಿಯವರು ಸುಮಾರು 1,100 ಮಂದಿ ಭಾರತೀಯರ ಶುಶ್ರೂಷಾದಳ ಕಟ್ಟಿ ಗಾಯಾಳುಗಳನ್ನು ಹೊತ್ತರು. ಅದಕ್ಕಾಗಿ ಪದಕವನ್ನೂ ಪಡೆದರು. 1920ರಲ್ಲಿ ಅಸಹಕಾರ ಹೂಡಿದಾಗ ಆ ಪದಕವನ್ನೂ ಉಳಿದವನ್ನೂ ವೈಸರಾಯರಿಗೆ ಹಿಂದಿರುಗಿಸಿದರು. "ಅವರು ಬಿಸುಟದ್ದನ್ನು ನೀನು ಹೆಕ್ಕುವುದು ಸರಿಯೆ?" ಎಂದು ಮಿತ್ರರ ಪ್ರಶ್ನೆ. ಇದು ನನ್ನನ್ನು ಅನೇಕ ದಿನ ಕಾಡಿತು. ಯೋಚಿಸಿದಂತೆ ಹೀಗೆ ತೋರಿತು: ಗಾಂಧೀಜಿ ಪದಕವನ್ನು ಸುಮ್ಮನೆ ಎಸೆಯಲಿಲ್ಲ, ಕಾರಣವನ್ನು ಪತ್ರದಲ್ಲಿ ಬರೆದು ಕಳುಹಿಸಿದರು. ಪದಕ ಹೋದರೂ ಮಾತು ಉಳಿಯಿತು. ಹೆಬ್ಬೆಟ್ಟೊತ್ತುವ ನನ್ನ ಮುತ್ತಜ್ಜನಿಗೆ ಬರೆಯಲು ಬರುತ್ತಿರಲಿಲ್ಲ. ಅವರು ದಂಡಿಗೆ ಸೇರಿದ್ದು ಸಾಮ್ರಾಜ್ಯದ ಮೇಲಿನ ಪ್ರೀತಿಯಿಂದಲ್ಲ, ಎರಡು ವರ್ಷ ಮಳೆ ಹೋಗಿ ರಾಗಿ ಕೈಕೊಟ್ಟದ್ದರಿಂದ ಎಂದು ಅಜ್ಜಿ ಹೇಳುತ್ತಾಳೆ. ಅಂಥವರು ಬಿಟ್ಟುಹೋದ ಬರಹವೆಂದರೆ ಆ ಹಿತ್ತಾಳೆಯೊಂದೇ. ಅದನ್ನು ಹೆಮ್ಮೆಗಾಗಿ ಇಡಬೇಕಾಗಿಲ್ಲ, ಸಾಕ್ಷಿಯೆಂದು ಇಡಬೇಕು.

ನಮ್ಮ ಸೀಮೆಗೂ ದಂಡಿಗೂ ಏನು ಸಂಬಂಧವೆಂದು ಯಾರೂ ಕೇಳಬಾರದು. ಅಜ್ಜಂಪುರದ ಅಮೃತ ಮಹಲ್ ತಳಿಸಂವರ್ಧನ ಕೇಂದ್ರವನ್ನು ಎಲ್ಲರೂ ಬಲ್ಲರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಸೈನ್ಯದ ಫಿರಂಗಿ ಮತ್ತು ಸಾಮಾನನ್ನು ಎಳೆದ ಎತ್ತುಗಳು ಈ ತಳಿಯವು. ಕಾವಲುಗಳು ಆ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳು. ತರೀಕೆರೆ ತಾಲ್ಲೂಕಿನ ಅಮೃತಾಪುರದ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನೂ ವೀರಬಲ್ಲಾಳನ ದಂಡನಾಯಕನೇ. ದಂಡನಾಯಕನಿಗೆ ಶಿಲಾಶಾಸನವಿದೆ. ಸಿಪಾಯಿಗೆ?

ಸಂಗ್ರಹಕ್ಕೆ ಇಳಿಯುವ ಮಿತ್ರರಿಗೆ ನಾಲ್ಕು ಮಾತು. ಮೊದಲನೆಯದಾಗಿ, ಬಿಲ್ಲೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಬಾರದು. ಅದರ ಹುಳಿ ಲೋಹವನ್ನು ತಿನ್ನುತ್ತದೆ. ದೇವರ ದೀಪಕ್ಕೆ ಒಪ್ಪುವ ಹೊಳಪು ಬಿಲ್ಲೆಯ ಅಕ್ಷರವನ್ನು ಅಳಿಸುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು. ಎರಡನೆಯದು, ಸೈನಿಕನೆಂದು ತೋರಿಸಿಕೊಳ್ಳಲು ಅದನ್ನು ಧರಿಸುವುದು ಅಪರಾಧ. ಮೂರನೆಯದು, ನೂರು ವರ್ಷಕ್ಕೆ ಮೀರಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾನೂನು ಅನ್ವಯಿಸುತ್ತದೆ. ಅವನ್ನು ಹೊರದೇಶಕ್ಕೆ ಮಾರುವ ಆಸೆ ಬೇಡ. ನಾಲ್ಕನೆಯದೇ ಎಲ್ಲಕ್ಕೂ ಮಿಗಿಲು. ಆ ಯುದ್ಧಗಳಲ್ಲಿ ನಮ್ಮ ಸಿಪಾಯಿಗಳಿಗೆ ಕೊಟ್ಟ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಅವರ ನಂಬರೂ ಹೆಸರೂ ಕೊರೆದಿರುತ್ತದೆ. ಬಿಲ್ಲೆಯ ಮೇಲೆ ಪಲ್ಟನ್ನಿನ ಹೆಸರುಂಟು, ಮನುಷ್ಯನ ಹೆಸರಿಲ್ಲ. ಆದುದರಿಂದ ಒಂದೊಂದು ಬಿಲ್ಲೆಗೂ ಒಂದೊಂದು ಚೀಟಿ ಬರೆದಿಡಬೇಕು: ಯಾರದು, ಯಾವ ಊರು, ಯಾರು ಕೊಟ್ಟರು, ಏನು ಹೇಳಿದರು, ಎಂದು ಹೇಳಿದರು. ಚೀಟಿಯಿಲ್ಲದ ಬಿಲ್ಲೆ ಗುಜರಿ ಅಂಗಡಿಯ ತಕ್ಕಡಿಗೆ ಹತ್ತಿರ. ಚೀಟಿಯಿರುವ ಬಿಲ್ಲೆ ಇತಿಹಾಸಕ್ಕೆ ಹತ್ತಿರ.

ಈಗ ನನ್ನ ಪೆಟ್ಟಿಗೆಯಲ್ಲಿರುವುದು 14 ಬಿಲ್ಲೆಗಳು ಮತ್ತು 14 ಚೀಟಿಗಳು. ಅಜ್ಜಿಯ ಸಂಚಿಯ ಗುಂಡಿಯನ್ನು ಮಾತ್ರ ನಾನು ಬಿಚ್ಚಿ ತಂದಿಲ್ಲ. ಅದು ಅಲ್ಲೇ ಇರಲಿ. ಅದರ ಚೀಟಿಯನ್ನು ಅಜ್ಜಿ ಹೇಳಿದಂತೆಯೇ ಬರೆದುಕೊಂಡಿದ್ದೇನೆ. ನಮ್ಮ ಮನೆತನದಲ್ಲಿ ಮುತ್ತಜ್ಜನ ಹೆಸರನ್ನು ಮನೆಯವರ ಕೈಯೇ ಕಾಗದದ ಮೇಲೆ ಬರೆದದ್ದು ಅದೇ ಮೊದಲು. ಈ ರಜೆಯಲ್ಲಿ ಊರಿಗೆ ಹೋಗುವ ಸಹಪಾಠಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಅಟ್ಟದ ಮೇಲಿನ ಟ್ರಂಕನ್ನೊಮ್ಮೆ ತೆರೆದು ನೋಡಿ, ಪಾತ್ರೆಯವನ ತಕ್ಕಡಿ ಬಾಗಿಲಿಗೆ ಬರುವ ಮೊದಲು ಹಿರಿಯರನ್ನು ಕೇಳಿ ಬರೆದುಕೊಳ್ಳಿ.