ಆಯವ್ಯಯದ ಆ್ಯಪನ್ನು ಆರಿಸುವ ಬಗೆ

ಬರತಕ್ಕ ಹಣವನ್ನು ಮುಂಗಡವಾಗಿಯೇ ಇಂತಿಂತಹ ಬಾಬಿಗೆ ಇಷ್ಟಿಷ್ಟೆಂದು ಹಂಚಿಡುವುದು ಆಯವ್ಯಯ. ಆಗಿಹೋದ ಖರ್ಚನ್ನು ದಿನವಹಿ ಬರೆದಿಡುವುದು ಕಿರ್ದಿ. ಈ ಎರಡರಲ್ಲಿ ಒಂದನ್ನೋ ಎರಡನ್ನೋ ನೆರವೇರಿಸುವ ಆ್ಯಪುಗಳು ಇಂದು ಹೇರಳವಾಗಿವೆ. ವ್ಯಾಖ್ಯೆಗೆ ಇಷ್ಟು ಸಾಕು.

ಆರಿಸಹೊರಟವರು ಮೊದಲು ಕೇಳುವುದು, ‘ಇದು ತಾನಾಗಿಯೇ ಎಲ್ಲವನ್ನೂ ಬರೆದುಕೊಳ್ಳುತ್ತದೆಯೆ?’ ಎಂದು. ಬರೆದುಕೊಳ್ಳುತ್ತದೆ, ಎಡವುವುದೂ ಅಲ್ಲಿಯೇ. ನಮ್ಮ ದೇಶದ ಇಂತಹ ಆ್ಯಪುಗಳಲ್ಲಿ ಅನೇಕವು ಬ್ಯಾಂಕು ಕಳುಹಿಸುವ ಎಸ್ಸೆಮ್ಮೆಸ್ಸನ್ನು ಓದಿ, ಅದರೊಳಗಿನ ಮೊಬಲಗು, ದಿನಾಂಕ, ಅಂಗಡಿಯ ಹೆಸರು ಇವುಗಳನ್ನು ಹೆಕ್ಕಿ ಕಿರ್ದಿಗೆ ಏರಿಸುತ್ತವೆ. ಆ ಸಂದೇಶವಾದರೋ ಖಾತೆಯಿಂದ ಹಣ ಹೊರಟಿತೆಂದಷ್ಟೇ ಹೇಳಬಲ್ಲುದಲ್ಲದೆ, ಹೊರಟ ಹಣ ನಿಜವಾಗಿ ವ್ಯಯವಾಯಿತೋ ಅಥವಾ ಒಡೆಯನದೇ ಇನ್ನೊಂದು ಜೇಬನ್ನು ಸೇರಿತೋ ಎಂಬುದನ್ನು ಎಲ್ಲ ವೇಳೆಯಲ್ಲಿಯೂ ಅರುಹಲಾರದು.

ಮೇ 18ರಂದು ಕ್ರೆಡಿಟ್ ಕಾರ್ಡಿನಿಂದ 2,400 ರೂಪಾಯಿಯ ದಿನಸಿ ತಂದಿರೆನ್ನೋಣ. ಸಂದೇಶ ಬಂದಿತು, ಖರ್ಚು ದಾಖಲಾಯಿತು. ಜೂನ್ 5ರಂದು ಕಾರ್ಡಿನ ಬಿಲ್ಲನ್ನು ಉಳಿತಾಯ ಖಾತೆಯಿಂದ ತೀರಿಸಿದಿರಿ; ಮತ್ತೊಂದು ಸಂದೇಶ, ಮತ್ತೊಮ್ಮೆ 2,400. ಮನೆಗೆ ಬಂದ ಅಕ್ಕಿಮೂಟೆ ಒಂದೇ, ಲೆಕ್ಕದಲ್ಲಿ ಮಾತ್ರ ಎರಡು! ಎಟಿಎಮ್ಮಿನಿಂದ ತೆಗೆದ ನಗದನ್ನು ಖರ್ಚೆಂದು ಬರೆದು, ಅದೇ ನಗದಿನಲ್ಲಿ ಕೊಂಡ ತರಕಾರಿಯನ್ನು ಪುನಃ ಖರ್ಚಿಗೆ ಸೇರಿಸುವುದೂ ಇದೇ ದೋಷದ ಮತ್ತೊಂದು ರೂಪ. ‘ಇಷ್ಟೊಂದು ಖರ್ಚಾಯಿತೆ?’ ಎಂದು ತಿಂಗಳ ಕೊನೆಯಲ್ಲಿ ಗಾಬರಿಗೊಂಡು ನನ್ನಲ್ಲಿಗೆ ಬಂದವರ ಪೈಕಿ ಬಹುಮಂದಿಯ ವ್ಯಾಧಿ ದುಂದುಗಾರಿಕೆಯಲ್ಲ, ಇದು.

ಆದಕಾರಣ ಬಣ್ಣದ ನಕ್ಷೆಗಳಿಗೆ ಮರುಳಾಗುವ ಮುನ್ನ ಒಂದು ಪರೀಕ್ಷೆ ಮಾಡಿರಿ. ನಿಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ 100 ರೂಪಾಯಿ ಕಳುಹಿಸಿ, ತಿಂಗಳ ಒಟ್ಟು ಖರ್ಚು ಏರಿತೇ ಎಂದು ನೋಡಿರಿ. ಏರಿದರೆ, ಅದನ್ನು ವರ್ಗಾವಣೆಯೆಂದು ತಿದ್ದಲು ಅನುವುಂಟೇ ಎಂದು ಹುಡುಕಿರಿ. ಅದೂ ಇಲ್ಲವಾದರೆ ಆ ಆ್ಯಪು ಬೇಡ.

ಒಂದೇ ಖರ್ಚು ಎರಡು ಬಾರಿ ಎಣಿಕೆಯಾಗುವ ಈ ತೊಡಕಿಗೆ ಪರಿಹಾರ ಹಳೆಯದು. ವೆನಿಸ್ಸಿನ ವರ್ತಕರಲ್ಲಿ ರೂಢಿಯಲ್ಲಿದ್ದ ಜೋಡಿ ನಮೂದಿನ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸಂನ್ಯಾಸಿ 1494ರಷ್ಟು ಹಿಂದೆಯೇ ಅಚ್ಚುಹಾಕಿಸಿ ವಿವರಿಸಿದನು. (ಗಣಿತಜ್ಞನಾದ ಸಂನ್ಯಾಸಿಯೊಬ್ಬನು ವ್ಯಾಪಾರಿಗಳ ಲೆಕ್ಕಕ್ಕೆ ಮನಸೋತದ್ದು ನನಗಂತೂ ಬಲು ಪ್ರಿಯವಾದ ಸಂಗತಿ.) ಅದರಂತೆ ಪ್ರತಿಯೊಂದು ವ್ಯವಹಾರವೂ ಎರಡು ಖಾತೆಗಳನ್ನಾದರೂ ಮುಟ್ಟಲೇಬೇಕು: ಕಾರ್ಡಿನಿಂದ ಕೊಂಡಾಗ ದಿನಸಿಯ ಖರ್ಚೂ ಕಾರ್ಡಿನ ಸಾಲವೂ ಏರುತ್ತವೆ, ಬಿಲ್ಲು ತೀರಿಸಿದಾಗ ಬ್ಯಾಂಕಿನ ಶಿಲ್ಕೂ ಸಾಲವೂ ಇಳಿಯುತ್ತವೆ, ದಿನಸಿಯ ಲೆಕ್ಕ ಅಲುಗುವುದೇ ಇಲ್ಲ. ಎಂತಹ ಚೆಲುವಾದ ಏರ್ಪಾಡು!

ಇನ್ನುಳಿದವು ಸಂಕ್ಷೇಪವಾಗಿ. ಎಸ್ಸೆಮ್ಮೆಸ್ಸಿಗೆ ಬದಲಾಗಿ ಅಕೌಂಟ್ ಅಗ್ರಿಗೇಟರ್ ಮೂಲಕ ವಿವರ ತರಿಸುವ ಆ್ಯಪುಗಳೂ ಉಂಟು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ನಡೆಯುವ ಈ ಮಧ್ಯಸ್ಥರು ನಿಮ್ಮ ಸಮ್ಮತಿಯಿಲ್ಲದೆ ಏನನ್ನೂ ಸಾಗಿಸುವಂತಿಲ್ಲ, ಕೊಟ್ಟ ಸಮ್ಮತಿಯನ್ನು ನೀವು ಹಿಂಪಡೆಯಲೂಬಹುದು. ಸಮ್ಮತಿಯ ಅವಧಿಯನ್ನು ಓದದೆ ಒಪ್ಪಿಗೆಯೊತ್ತಬೇಡಿರಿ. ಬಿಟ್ಟಿ ಆ್ಯಪು ಸಾಲ ಮಾರುವ ಕಂಪನಿಯದೋ ಎಂದೂ ವಿಚಾರಿಸಿಕೊಳ್ಳಿರಿ. ಬರೆದ ಲೆಕ್ಕವನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ ಇರಲೇಬೇಕು. ಏಕೆಂದರೆ ಯಾವ ಆ್ಯಪೂ ಶಾಶ್ವತವಲ್ಲ; ಅಮೆರಿಕೆಯಲ್ಲಿ ಸುಪ್ರಸಿದ್ಧವಾಗಿದ್ದ ಮಿಂಟ್ ಎಂಬ ಆ್ಯಪು ಕೂಡ 2024ರಲ್ಲಿ ಬಾಗಿಲು ಹಾಕಿತು.

ಕುತೂಹಲವುಳ್ಳವರು ಒಂದು ತಿಂಗಳ ಮಟ್ಟಿಗಾದರೂ ಉಚಿತವಾದ ಗ್ನುಕ್ಯಾಶ್ ತಂತ್ರಾಂಶದಲ್ಲಿ ಜೋಡಿ ನಮೂದಿನ ಲೆಕ್ಕ ಬರೆದು ನೋಡಬೇಕೆಂದು ನನ್ನ ಬಿನ್ನಹ. ಮೊದಲ ದಿನವೇ ಒಂದು ಪ್ರಶ್ನೆ ನಿಮ್ಮನ್ನು ತಡೆದು ನಿಲ್ಲಿಸುವುದು: ಪ್ರತಿಯೊಂದು ಮೊಬಲಗೂ ಒಂದು ಖಾತೆಯಿಂದಲೇ ಬರಬೇಕಾದರೆ, ಕೈಯಲ್ಲಿರುವ ಆರಂಭದ ಶಿಲ್ಕು ಯಾವ ಖಾತೆಯಿಂದ ಬಂದಿತು? ಉತ್ತರ ಪಿಯುಸಿ ತರಗತಿಯ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ, ಬಂಡವಾಳವನ್ನು ಕುರಿತ ಭಾಗದಲ್ಲಿದೆ; ತರಿಸಿಕೊಂಡು ಓದಿರಿ.