ಬೀರುವಿನಲ್ಲಿರುವ ಕ್ಯಾಮೆರಾ ಸಾಮಾನಿನ ಲೆಕ್ಕ

ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಒಂದು ದಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಸಾರ್, ಫೋಟೋಗ್ರಫಿ ಕಲೀಬೇಕು ಅಂತಿದ್ದೀನಿ. ಯಾವ ಕ್ಯಾಮೆರಾ ತಗೊಳ್ಳಲಿ?" ಎಂದು ಕೇಳಿದ. ದುಡ್ಡಿಗೆ ಏನು ಮಾಡ್ತೀಯಪ್ಪ ಎಂದೆ. "ಅಮ್ಮಿ ಬಳೆ ಅಡ ಇಡ್ತೀನಿ ಅಂದಿದ್ದಾರೆ ಸಾರ್" ಎಂದ.

ತಕ್ಷಣ ಉತ್ತರ ಹೇಳಲು ಮನಸ್ಸಾಗಲಿಲ್ಲ. ಒಂದು ವಾರ ಬಿಟ್ಟು ಬಾ ಎಂದು ಕಳುಹಿಸಿದೆ. ಆ ರಾತ್ರಿ ಗೆಂಡೆಹಳ್ಳಿಯ ನಮ್ಮ ಮನೆಯ ಬೀರು ತೆರೆದು, ಇಷ್ಟು ವರ್ಷ ಕೂಡಿಟ್ಟ ಸಾಮಾನನ್ನೆಲ್ಲ ಮಂಚದ ಮೇಲೆ ಹರಡಿದೆ. ಪ್ರತಿಯೊಂದನ್ನೂ ಏಕೆ ಕೊಂಡೆ, ಅದು ಕೆಲಸಕ್ಕೆ ಬಂತೇ ಎಂದು ಒಂದು ಹಾಳೆಯಲ್ಲಿ ಬರೆದೆ. ಆ ಹಾಳೆಯನ್ನೇ ಬಿಡಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲ ಕ್ಯಾಮೆರಾ

ನಾನು ಮೊದಲು ಕೈಗೆತ್ತಿಕೊಂಡದ್ದು ಮಾಮನ ಯಾಶಿಕಾ ಎಂಎಫ್-2. ಒಂದು ರೋಲಿಗೆ 36 ಚಿತ್ರ. ರೋಲ್ ಕೊಳ್ಳಲು, ತೊಳೆಸಲು, ಪ್ರಿಂಟ್ ಹಾಕಿಸಲು ಎಲ್ಲದಕ್ಕೂ ದುಡ್ಡು. ಹಾಗಾಗಿ ಬಟನ್ ಒತ್ತುವ ಮೊದಲು ಎರಡು ಸಲ ಯೋಚಿಸುತ್ತಿದ್ದೆವು.

2011ರಲ್ಲಿ, ಕೆಲಸಕ್ಕೆ ಸೇರಿದ ಮೇಲೆ, ಹಾಸನದಲ್ಲಿ ಸ್ಟುಡಿಯೋದವರೊಬ್ಬರು ಮಾರುತ್ತಿದ್ದ ಕ್ಯಾನನ್ 1000ಡಿ ಕ್ಯಾಮೆರಾವನ್ನು 18-55 ಮಿ.ಮೀ. ಲೆನ್ಸ್ ಸಮೇತ ಕೊಂಡೆ. ಆಗ ಒಂದು ವಿಷಯ ನನಗೆ ತಿಳಿದಿರಲಿಲ್ಲ. ಮೊದಲ ಕ್ಯಾಮೆರಾ ಕೊಳ್ಳುವಾಗ ನಾವು ಒಂದು ಕಂಪನಿಯ ಮನೆಗೆ ಸಂಬಂಧ ಬೆಳೆಸುತ್ತೇವೆ. ಲೆನ್ಸನ್ನು ಕ್ಯಾಮೆರಾಗೆ ತಿರುಗಿಸಿ ಕೂರಿಸುವ ಬಳೆಯಾಕಾರದ ಜಾಗಕ್ಕೆ ಮೌಂಟ್ ಎನ್ನುತ್ತಾರೆ. ಒಂದು ಕಂಪನಿಯ ಮೌಂಟಿಗೆ ಇನ್ನೊಂದರ ಲೆನ್ಸ್ ನೇರವಾಗಿ ಕೂರುವುದಿಲ್ಲ. ನಿಕಾನ್ ತನ್ನ ಎಫ್ ಮೌಂಟನ್ನು 1959ರಲ್ಲಿ, ಕ್ಯಾನನ್ ತನ್ನ ಇಎಫ್ ಮೌಂಟನ್ನು 1987ರಲ್ಲಿ ತಂದವು. ಎರಡು ಲೆನ್ಸ್ ಕೊಂಡವನು ಮುಂದೆ ಕ್ಯಾಮೆರಾ ಬದಲಿಸಿದರೂ ಅದೇ ಕಂಪನಿಯದನ್ನೇ ಹುಡುಕುತ್ತಾನೆ. ಸಾಮಾನು ಒಂದರ ಹಿಂದೊಂದು ಬೆಳೆಯಲು ಇದು ಮೊದಲ ಕಾರಣ.

ಕತ್ತಲೆಗೆ ಕೊಂಡ ಲೆನ್ಸ್

ಬೇಲೂರಿನ ಚೆನ್ನಕೇಶವ ದೇವಾಲಯ ನಮಗೆ ಹತ್ತಿರ. ಅಲ್ಲಿಯ ನವರಂಗದ ಕಂಬಗಳ ಚಿತ್ರ ತೆಗೆಯಲು ಹೋದರೆ ಎಲ್ಲವೂ ಅಲುಗಾಡಿದಂತೆ ಬಂದವು. ಕಾರಣ ಬೆಳಕಿನ ಕೊರತೆ. ನನ್ನ 18-55 ಲೆನ್ಸಿನಲ್ಲಿ 50 ಮಿ.ಮೀ.ಗೆ ಬಂದಾಗ ಅತಿ ದೊಡ್ಡ ರಂಧ್ರವೆಂದರೆ ಎಫ್/5.6. ಅಂದರೆ 50 ಮಿ.ಮೀ. ಸಂಗಮದೂರವನ್ನು 5.6ರಿಂದ ಭಾಗಿಸಿದರೆ ಸಿಗುವ, ಸುಮಾರು 9 ಮಿ.ಮೀ. ವ್ಯಾಸದ ಕಿಂಡಿ. ಎಫ್/1.8 ಇರುವ 50 ಮಿ.ಮೀ. ಲೆನ್ಸಿನಲ್ಲಿ ಅದೇ ಕಿಂಡಿ ಸುಮಾರು 28 ಮಿ.ಮೀ. ವ್ಯಾಸ ಮೂರು ಪಟ್ಟಾದರೆ ಬೆಳಕು ಮೂರರ ವರ್ಗದಷ್ಟು, ಅಂದರೆ ಒಂಬತ್ತು-ಹತ್ತು ಪಟ್ಟು. ಮೊದಲ ಲೆನ್ಸಿನಲ್ಲಿ 1/8 ಸೆಕೆಂಡ್ ಬೇಕಾದ ಚಿತ್ರವನ್ನು ಎರಡನೆಯದರಲ್ಲಿ 1/80 ಸೆಕೆಂಡಿನಲ್ಲಿ ತೆಗೆಯಬಹುದು. ಕೈ ನಡುಗಿದರೂ ಚಿತ್ರ ಉಳಿಯುತ್ತದೆ.

ಆ ಪ್ಲಾಸ್ಟಿಕ್ ಮೈಯ 50 ಮಿ.ಮೀ. ಲೆನ್ಸ್ ಕಂಪನಿಯ ಅತಿ ಅಗ್ಗದ ಲೆನ್ಸುಗಳಲ್ಲಿ ಒಂದು. ನನ್ನ ಹಾಳೆಯಲ್ಲಿ ಅದರ ಮುಂದೆ "ಪೂರ್ತಿ ವಸೂಲಿ" ಎಂದು ಬರೆದಿದ್ದೇನೆ. ಏಕೆಂದರೆ ಅದನ್ನು ಕೊಳ್ಳುವ ಮೊದಲೇ ನನ್ನ ಕಷ್ಟ ಏನೆಂದು ನನಗೆ ಗೊತ್ತಿತ್ತು.

ಆಸೆಗೆ ಕೊಂಡ ಲೆನ್ಸ್

ಮುಂದಿನದು 55-250 ಮಿ.ಮೀ. ಟೆಲಿ ಲೆನ್ಸ್. ಮೂಡಿಗೆರೆಯ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಉದ್ದ ಲೆನ್ಸಿನ ಆಸೆ ಇರದೆ ಹೇಗೆ? ಬೇಲೂರಿನಲ್ಲಿ ಸೂರಿನ ಕೆಳಗೆ ಎತ್ತರದಲ್ಲಿ ನಿಂತ ಮದನಿಕೆಯರನ್ನು ಹತ್ತಿರದಿಂದ ತೆಗೆಯಬೇಕೆಂಬ ನೆಪವೂ ಇತ್ತು. 2014ರಲ್ಲಿ, ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಬದಲಿಸಲು ತೆಗೆದಿಟ್ಟಿದ್ದ ಹಣದಿಂದ ಅದನ್ನು ಕೊಂಡೆ. ಮುಂದಿನ ವರ್ಷ ಹೆಂಚು ಹಾಕಿಸಿದರಾಯಿತು ಎಂದುಕೊಂಡೆ.

ಆ ಮಳೆಗಾಲ ಅಮ್ಮ ಪಡಸಾಲೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟರು. ಒಂದು ಮಾತೂ ಆಡಲಿಲ್ಲ. ನಾನು ಲೆನ್ಸನ್ನು ಬ್ಯಾಗಿನಲ್ಲಿ ಸುತ್ತಿ ಬೀರುವಿನಲ್ಲಿ ಭದ್ರವಾಗಿ ಇಟ್ಟೆ. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಶಿಲೀಂಧ್ರ ಬೆಳೆದಿತ್ತು. ತೇವ, ಕತ್ತಲೆ, ಗಾಳಿಯಾಡದ ಜಾಗ ಮೂರೂ ಸೇರಿದರೆ ಅದಕ್ಕೆ ಬೇರೇನೂ ಬೇಡ. ಬಹಳ ಕಾಲ ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆಯುತ್ತದೆ. ಬಿಚ್ಚಿ ಒರೆಸಿಸಿದರೂ ಕಲೆ ಪೂರ್ತಿ ಹೋಗಲಿಲ್ಲ. ಮರುವರ್ಷ ಹೆಂಚು ಹಾಕಿಸಿದೆ. ಹಾಳೆಯಲ್ಲಿ ಆ ಲೆನ್ಸಿನ ಮುಂದೆ ಏನು ಬರೆದಿದ್ದೇನೆಂದು ಹೇಳಬೇಕಾಗಿಲ್ಲ.

ನಮ್ಮಂಥ ಮಳೆಯ ಊರಿನವರು ಇದನ್ನು ತಿಳಿದಿರಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮಾಪಕ ಇಷ್ಟಿದ್ದರೆ ಸಾಕು. ತೇವಾಂಶ 40ರಿಂದ 50 ಪ್ರತಿಶತದ ನಡುವೆ ಇರಲಿ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ನನ್ನ ಸಾಮಾನಿನಲ್ಲಿ ಅತಿ ತಡವಾಗಿ ಬಂದದ್ದು ಈ ಡಬ್ಬಿ. ಮೊದಲು ಬರಬೇಕಾಗಿದ್ದದ್ದೂ ಅದೇ.

ದುಡ್ಡು ಬೇಡದ ಉತ್ತರಗಳು

ಹಳೇಬೀಡಿನ ಶಿಲ್ಪಗಳ ಚಿತ್ರ ಯಾವಾಗಲೂ ಬಿಳಿಚಿಕೊಂಡು ಬರುತ್ತಿತ್ತು. ಲೆನ್ಸ್ ಸರಿಯಿಲ್ಲವೆಂದು ಇನ್ನೊಂದು ಕೊಳ್ಳುವವನಿದ್ದೆ. ತಪ್ಪು ಲೆನ್ಸಿನದಲ್ಲ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವುದೆಲ್ಲ ನಡುಬೂದಿ ಬಣ್ಣದ್ದೆಂದು ಎಣಿಸುತ್ತದೆ. ಹೊಯ್ಸಳರ ಬಳಪದ ಕಲ್ಲು ಕಪ್ಪಗಿರುವುದರಿಂದ, ಅದನ್ನೂ ಬೂದಿ ಮಾಡಲು ಹೆಚ್ಚು ಬೆಳಕು ಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಹೆಜ್ಜೆ ತಗ್ಗಿಸಿದರೆ ಕಲ್ಲು ಕಲ್ಲಿನಂತೆಯೇ ಕಾಣುತ್ತದೆ. ಖರ್ಚು ಸೊನ್ನೆ.

ಇನ್ನೊಂದು ವಿಷಯ ಹೊತ್ತಿನದು. ನಡುಮಧ್ಯಾಹ್ನ ಮದನಿಕೆಯರ ಮೇಲೆ ಸೂರಿನ ನೆರಳು. ದೇವಾಲಯ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಓರೆ ಬಿಸಿಲು ಮುಂಬದಿಯ ಸೂರಿನಡಿಗೂ ನುಗ್ಗುತ್ತದೆ. ಹಳೇಬೀಡಿನ ಹಿಂಬದಿಯ ಗೋಡೆಗೆ ಸಂಜೆಯ ಬಿಸಿಲು ಬೇಕು. ಓರೆ ಬೆಳಕಿನಲ್ಲಿ ಪ್ರತಿ ಕೊರೆತದ ಪಕ್ಕದಲ್ಲೂ ಒಂದು ನೆರಳು ಬೀಳುತ್ತದೆ, ಆಗ ಶಿಲ್ಪ ಎದ್ದು ಬರುತ್ತದೆ. ಇದಕ್ಕೆ ಬೇಕಾದದ್ದು ಬಸ್ ಚಾರ್ಜ್ ಮಾತ್ರ. ಟ್ರೈಪಾಡ್ ಒಯ್ಯುವವರು ನೆನಪಿಡಿ, ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು.

ಟ್ರೈಪಾಡ್ ನನಗೆ ಉಪಯೋಗಕ್ಕೆ ಬಂದದ್ದು ಕಾಫಿ ತೋಟದಲ್ಲಿ. ಹೂಮಳೆ ಬಿದ್ದ ಮೇಲೆ ಅರಳುವ ಕಾಫಿ ಹೂವು ಎರಡು ಮೂರು ದಿನದಲ್ಲಿ ಬಾಡುತ್ತದೆ. ಅದನ್ನು ಹತ್ತಿರದಿಂದ ತೆಗೆಯಲು ಮ್ಯಾಕ್ರೋ ಲೆನ್ಸ್ ಬೇಕೆಂದುಕೊಂಡಿದ್ದೆ. ಬದಲಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಕೊಂಡೆ. ಅದರೊಳಗೆ ಗಾಜೇ ಇಲ್ಲ, ಬರೀ ಟೊಳ್ಳು ಬಳೆ. ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುವುದಷ್ಟೇ ಅದರ ಕೆಲಸ. ನೀವು ಓದುವ ಲೆನ್ಸ್ ಸೂತ್ರವೇ ಇಲ್ಲಿಯೂ: ಬಿಂಬದ ದೂರ ಹೆಚ್ಚಿದಂತೆ ವಸ್ತು ಹತ್ತಿರ ಬರಬಹುದು. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಬಳೆ ಸೇರಿಸಿದರೆ ಹೂವು ತನ್ನ ಅರ್ಧ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡುತ್ತದೆ.

ಹುಡುಗನಿಗೆ ಹೇಳಿದ್ದು

ವಾರದ ನಂತರ ಅವನು ಬಂದಾಗ ಬಳೆ ಅಡ ಇಡುವುದು ಬೇಡ ಎಂದೆ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಹೊಸ ಮೌಂಟ್ ತಂದ ಮೇಲೆ, ಅನೇಕರು ಹಳೆಯ ಸಾಮಾನನ್ನು ಮಾರುತ್ತಿದ್ದಾರೆ. ಕಲಿಯುವವರಿಗೆ ಅದು ಒಳ್ಳೆಯದೇ, ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಲೆನ್ಸಿನ ಒಳಗೆ ನೋಡಬೇಕಷ್ಟೇ. ಆದರೆ ಅದಕ್ಕೂ ಮೊದಲು ನನ್ನ 1000ಡಿ ಮತ್ತು 50 ಮಿ.ಮೀ. ಲೆನ್ಸನ್ನು ಅವನ ಕೈಗೆ ಕೊಟ್ಟು, ಜೊತೆಗೆ ಒಂದು ನೋಟ್‌ಬುಕ್ ಕೊಟ್ಟೆ. ಸಿಗದೆ ಹೋದ ಪ್ರತಿ ಚಿತ್ರವನ್ನೂ, ಏಕೆ ಸಿಗಲಿಲ್ಲ ಎಂಬುದನ್ನೂ ಅದರಲ್ಲಿ ಬರೆಯಬೇಕು. ಒಂದೇ ಕಾರಣ ಹತ್ತು ಸಲ ಬಂದರೆ ಆಗ ಅಂಗಡಿಗೆ ಹೋಗೋಣ ಎಂದೆ.

ಮೊನ್ನೆ ನೋಟ್‌ಬುಕ್ ತೋರಿಸಿದ. ಐದು ಬರಹಗಳಲ್ಲಿ ನಾಲ್ಕರ ಕಾರಣ ಒಂದೇ: "ತಡವಾಗಿ ಎದ್ದೆ." ಇಬ್ಬರೂ ನಕ್ಕೆವು. ಬಳೆ ಅಮ್ಮಿಯ ಕೈಯಲ್ಲೇ ಇವೆ. ಪರೀಕ್ಷೆ ಮುಗಿದ ಮೇಲೆ ಕ್ಯಾಮೆರಾ ಅವನಿಂದ ವಾಪಸು ಬರುತ್ತದೆ. ಕಲಿಯುವ ಆಸೆಯಿರುವ ಇನ್ನೊಬ್ಬರು ಭೌತಶಾಸ್ತ್ರ ವಿಭಾಗಕ್ಕೆ ಬಂದು ಹೆಸರು ಬರೆಸಬಹುದು. ಬರುವಾಗ ಒಂದು ನೋಟ್‌ಬುಕ್ ತನ್ನಿ.